ಬಸ್ಸಿನ ಚುಕ್ಕೆ

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವುದೆಂದರೆ ಮದುವೆಗೆ ಕರೆದು ಉಪ್ಪಿನಕಾಯಿ ಬಡಿಸಲಿಕ್ಕೆ ನಿಲ್ಲಿಸಿದ ಹಾಗೆ. ಎಲೆಯ ತುದಿಯಲ್ಲಿ ಅದಕ್ಕೊಂದು ಜಾಗ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಊಟ ಚೆನ್ನಾಗಿತ್ತು ಎನ್ನುವಾಗ ಯಾರೂ ಉಪ್ಪಿನಕಾಯಿಯ ಸುದ್ದಿ ಎತ್ತುವುದಿಲ್ಲ. ಕಾರ್ಕಳದ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಆರು ವರ್ಷ ಹಾಗೆ ಬಡಿಸಿದೆ. ಮೊದಲ ವರ್ಷದ ಮಕ್ಕಳಿಗೆ ಬಯೋಕೆಮಿಸ್ಟ್ರಿ. ಬೆಳಗಿನ ಮೊದಲ ಪೀರಿಯಡ್ ನನ್ನದು, ಏಕೆಂದರೆ ಉಳಿದ ಮೇಡಂಗಳಿಗೆ ಆ ಹೊತ್ತಿಗೆ ಆಸ್ಪತ್ರೆಯ ವಾರ್ಡಿಗೆ ಹೋಗಬೇಕು, ನನಗೆ ಎಲ್ಲಿಗೂ ಹೋಗಲಿಕ್ಕಿಲ್ಲ.

ನನ್ನ ಮನೆ ಉಡುಪಿಯ ಬನ್ನಂಜೆಯಲ್ಲಿ. ಬೆಳಿಗ್ಗೆ ಏಳೂವರೆಯ ಎಕ್ಸ್‌ಪ್ರೆಸ್ ಹಿಡಿದರೆ ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಎಂಟೂಮುಕ್ಕಾಲಕ್ಕೆ ಕಾಲೇಜಿನ ಗೇಟು. ಮಣಿಪಾಲದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಒಂದು ಕಟ್ಟಡ ಕಾಣುತ್ತಿತ್ತು. ಔಷಧಿಗಳನ್ನು ಪರೀಕ್ಷೆ ಮಾಡುವ ಖಾಸಗಿ ಪ್ರಯೋಗಾಲಯ. ಒಂದು ಮಾತ್ರೆಯನ್ನು ಕರಗಿಸಿ ಯಂತ್ರದ ಸಣ್ಣ ಕೊಳವೆಯೊಳಗೆ ಹರಿಸಿದರೆ ಅದರಲ್ಲಿ ಏನೇನು ಉಂಟು, ಎಷ್ಟೆಷ್ಟು ಉಂಟು ಎಂದು ಒಂದೊಂದನ್ನೇ ಬೇರೆ ಮಾಡಿ ಗೆರೆ ಎಳೆದು ತೋರಿಸುವ ಕೆಲಸ ಅಲ್ಲಿ ನಡೆಯುತ್ತದೆ. ಎಂ.ಎಸ್ಸಿ.ಯಲ್ಲಿ ನನ್ನ ಪ್ರಾಜೆಕ್ಟು ಅದರ ಮೇಲೆಯೇ ಇದ್ದದ್ದು. ನನಗೆ ಬರುವುದು ಅದೊಂದೇ ಕೆಲಸ, ನನಗೆ ಬೇಕಾದದ್ದೂ ಅದೊಂದೇ. ದಿನಕ್ಕೆ ಎರಡು ಸಲ ಅದರ ಮುಂದೆ ಹಾದುಹೋಗುತ್ತಿದ್ದೆ. ಬೆಳಿಗ್ಗೆ ನೋಡುತ್ತಿದ್ದೆ, ಸಂಜೆ ಬೇಕೆಂದೇ ಆ ಕಡೆಯ ಸೀಟು ಬಿಟ್ಟು ಕೂರುತ್ತಿದ್ದೆ.

ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರಿಗೆ ಒಂದು ಕಬ್ಬಿಣದ ಕಪಾಟಿನ ವಿಷಯ ಹೇಳಬೇಕು. ಕೆಲಸಕ್ಕೆ ಸೇರಿದ ದಿನ ವೆರಿಫಿಕೇಶನ್‌ಗೆ ಎಂದು ನನ್ನ ಮೂಲ ಅಂಕಪಟ್ಟಿಗಳನ್ನೆಲ್ಲ ಆಫೀಸಿನಲ್ಲಿ ತೆಗೆದುಕೊಂಡಿದ್ದರು. ಆರು ವರ್ಷ ಕಳೆದರೂ ವೆರಿಫಿಕೇಶನ್ ಮುಗಿದಿರಲಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ, ಅವರ ಕುರ್ಚಿಯ ಹಿಂದೆ ಆ ಕಪಾಟು. ಅದರಲ್ಲಿ ಮೇಲಿನ ಎರಡು ಹಲಗೆ ಅಧ್ಯಾಪಕರದು, ಕೆಳಗಿನವು ವಿದ್ಯಾರ್ಥಿಗಳದು. ಬೀಗದ ಕೈ ಪ್ರಿನ್ಸಿಪಾಲ್ ಮೇಡಂ ಅವರ ಬ್ಯಾಗಿನಲ್ಲಿ. ಮೂಲಪ್ರತಿ ಇಲ್ಲದೆ ಯಾರೂ ಬೇರೆ ಕಡೆ ಸೇರಿಸಿಕೊಳ್ಳುವುದಿಲ್ಲ. ನಡುವರ್ಷ ಕೇಳಿದರೆ "ಎಂತ ಅರ್ಜೆಂಟ್ ಮಾರಾಯ್ರೆ, ರಿಸಲ್ಟ್ ಒಂದು ಆಗಲಿ" ಎನ್ನುವರು. ರಿಸಲ್ಟ್ ಆಗುವಷ್ಟರಲ್ಲಿ ಹೊಸ ಬ್ಯಾಚು ಬಂದಿರುತ್ತಿತ್ತು.

ಪ್ರಿನ್ಸಿಪಾಲ್ ಮೇಡಂ ಕೆಟ್ಟವರಲ್ಲ. ನಾನು ಅವರನ್ನು ಕೆಟ್ಟವರೆಂದು ತೀರ್ಮಾನಿಸಲು ಬಹಳ ಪ್ರಯತ್ನಪಟ್ಟವಳು, ಹಾಗಾಗಿ ನನ್ನ ಮಾತನ್ನು ನಂಬಬಹುದು. ಹಳೆಯ ಕಾಲದ ನರ್ಸ್, ಹಾಸಿಗೆ ಮೇಲೆ ಒಂದು ಸುಕ್ಕು ಕಂಡರೆ ಊಟ ಸೇರದವರು. ಆದರೆ ಕಾಲೇಜಿನ ಮೆಟ್ಟಿಲ ಹತ್ತಿರ ಒಂದು ಫಲಕ ಇತ್ತು, ವರ್ಷವಾರು ಫಲಿತಾಂಶ ಬರೆಯುವುದು. ಹಿಂದಿನ ಮೂರು ವರ್ಷವೂ ನೂರಕ್ಕೆ ನೂರು. ಆಡಳಿತದವರು ತಿಂಗಳಿಗೊಮ್ಮೆ ಬಂದಾಗ ಲ್ಯಾಬಿಗೆ ಬರುತ್ತಿರಲಿಲ್ಲ, ಲೈಬ್ರರಿಗೆ ಬರುತ್ತಿರಲಿಲ್ಲ, ಆ ಫಲಕದ ಮುಂದೆ ನಿಂತು ತಲೆಯಾಡಿಸಿ ಹೋಗುತ್ತಿದ್ದರು. ನಾಲ್ಕನೆಯ ಸಾಲು ಖಾಲಿ ಇತ್ತು. ಮೇಡಂ ಅದನ್ನು ನೋಡಿ ನೋಡಿ ರಕ್ತದೊತ್ತಡದ ಮಾತ್ರೆ ಶುರುಮಾಡಿದ್ದರು.

ಇನ್ನು ಚುಕ್ಕೆಯ ವಿಷಯ. ಮೊದಲ ಪೀರಿಯಡಿಗೆ ಹಾಜರಿ ತೆಗೆದುಕೊಳ್ಳುವುದು ಒಂಬತ್ತಕ್ಕೆ. ಬಂದವರಿಗೆ ಇಂಕಿನಲ್ಲಿ 'ಪಿ', ಬಾರದವರಿಗೆ 'ಎ'. ಬಸ್ಸಿನಿಂದಾಗಿ ಐದೋ ಹತ್ತೋ ನಿಮಿಷ ತಡವಾಗುವವರಿಗೆ ನಾನು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಅವರು ಬಂದು ಕೂತ ಮೇಲೆ, ಪೀರಿಯಡ್ ಮುಗಿಯುವಾಗ, ಚುಕ್ಕೆಯ ಮೇಲೆ 'ಪಿ' ಬರೆಯುವುದು ಕ್ರಮ. ಕ್ರಮ ಎಂದೆ, ಆದರೆ ಅದನ್ನು ಮಾಡಿಕೊಂಡವಳೂ ನಾನೇ, ಮುರಿದವಳೂ ನಾನೇ. ಗಂಟೆ ಹೊಡೆದಾಗ ಅವಸರ. ಶನಿವಾರ ಒಟ್ಟಿಗೆ ಬರೆಯುತ್ತೇನೆ ಎಂದುಕೊಂಡೆ. ಆಮೇಲೆ ತಿಂಗಳ ಕೊನೆಗೆ ಎಂದುಕೊಂಡೆ. ಚುಕ್ಕೆ ಎಂದರೆ ಬಂದಿದ್ದಾಳೆ ಎಂದು ನನಗೆ ಗೊತ್ತಿತ್ತು, ಇನ್ನೇನು ಬೇಕು ಎನ್ನುವ ಉದಾಸೀನ. ಮಕ್ಕಳು ಅದನ್ನು ಬಸ್ಸಿನ ಚುಕ್ಕೆ ಎಂದು ಕರೆಯುತ್ತಿದ್ದರು.

ಆ ಬ್ಯಾಚಿನಲ್ಲಿ ಬಸ್ಸಿನ ಚುಕ್ಕೆ ಎಂದರೆ ಒಬ್ಬಳೇ. ಕಾಪುವಿನ ಹುಡುಗಿ. ಕಾಪುವಿನಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿ ಇಳಿದು ನಿಟ್ಟೆ ಮೇಲಾಗಿ ಕಾರ್ಕಳಕ್ಕೆ ಇನ್ನೊಂದು. ಒಂಬತ್ತೂ ಹತ್ತಕ್ಕೆ ಬಾಗಿಲಲ್ಲಿ ನಿಂತು, ಉಸಿರು ಹಿಡಿದುಕೊಂಡು "ಮೇ ಐ ಕಮಿನ್ ಮೇಡಂ" ಎನ್ನುವಳು. ಒಂದು ದಿನ ಸಿಟ್ಟು ಬಂದು ಮುಂಚಿನ ಬಸ್ಸು ಹಿಡಿಯಲಿಕ್ಕೆ ಏನು ರೋಗ ಎಂದು ಕೇಳಿದೆ. ಅಜ್ಜಿ ಮಲಗಿದಲ್ಲೇ ಇದ್ದಾರೆ, ಬೆಳಿಗ್ಗೆ ಒರೆಸಿ ಮಗ್ಗುಲು ಬದಲಿಸಬೇಕು, ಅಮ್ಮನಿಗೆ ಸೊಂಟ ಸರಿ ಇಲ್ಲ, ಅದಕ್ಕೆ ಇಬ್ಬರು ಬೇಕು ಎಂದಳು. ರೋಗ ಇದ್ದದ್ದು ಅಜ್ಜಿಗೆ. ಆಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಅವಳು ನನ್ನ ವಿಷಯದಲ್ಲಿ ಹಿಂದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು ಇಂಗ್ಲಿಷ್ ಪುಸ್ತಕಕ್ಕೆ ಬಿದ್ದವಳು. ಉತ್ತರ ಗೊತ್ತಿರುತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಇಂಟರ್ನಲ್ ಪರೀಕ್ಷೆಯಲ್ಲಿ ಗಡಿಯ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ. ಆದರೆ ವಾರ್ಡಿನ ಸಿಸ್ಟರ್ ಅವಳು ಹಾಸಿದ ಹಾಸಿಗೆಯನ್ನು ಉಳಿದವರಿಗೆ ಕರೆದು ತೋರಿಸುತ್ತಿದ್ದರಂತೆ.

ಅಮೈನೋ ಆಮ್ಲಗಳನ್ನು ಬೇರೆ ಮಾಡುವ ಪ್ರಾಕ್ಟಿಕಲ್ ಆ ವರ್ಷದ ಕೊನೆಗೆ ಬಂತು. ನನಗೆ ಇಡೀ ವರ್ಷದಲ್ಲಿ ಹಬ್ಬದಂತಹ ದಿನ ಅದೊಂದೇ. ಸೋಸುಕಾಗದದ ಪಟ್ಟಿಯ ಬುಡದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಬೇಕು. ಗೆರೆಯ ಮೇಲೆ ದ್ರಾವಣದ ಒಂದು ಹನಿ. ಪಟ್ಟಿಯನ್ನು ಗಾಜಿನ ಜಾಡಿಯೊಳಗೆ, ಬುಡದಲ್ಲಿ ಮಾತ್ರ ದ್ರಾವಕ ತಾಗುವ ಹಾಗೆ ನೇತುಹಾಕಿ ಮುಚ್ಚಳ ಹಾಕಬೇಕು. ಬತ್ತಿ ಎಣ್ಣೆ ಎಳೆಯುವ ಹಾಗೆ ಕಾಗದ ದ್ರಾವಕವನ್ನು ಮೇಲಕ್ಕೆ ಎಳೆಯುತ್ತದೆ. ಹನಿಯಲ್ಲಿ ಒಟ್ಟಿಗಿದ್ದ ವಸ್ತುಗಳು ಅದರ ಜೊತೆ ಹೊರಡುತ್ತವೆ. ಕಾಗದಕ್ಕೆ ಹೆಚ್ಚು ಅಂಟಿಕೊಳ್ಳುವುದು ಕೆಳಗೇ ನಿಲ್ಲುತ್ತದೆ, ಕಡಿಮೆ ಅಂಟುವುದು ಮೇಲಕ್ಕೆ ಹೋಗುತ್ತದೆ. ಯಾರೂ ಯಾರನ್ನೂ ದೂಡುವುದಿಲ್ಲ. ಎಲ್ಲ ಒಂದೇ ಗೆರೆಯಿಂದ ಹೊರಟು, ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಅದನ್ನು ವಿವರಿಸುವಾಗ ನನ್ನ ದನಿ ಬದಲಾಗುತ್ತದೆ ಎಂದು ಮಕ್ಕಳು ಹಿಂದಿನಿಂದ ನಗುತ್ತಿದ್ದದ್ದೂ ನನಗೆ ಗೊತ್ತು.

ಊಟ ಮುಗಿಸಿ ಬಂದು ಜಾಡಿ ತೆರೆದೆವು. ಹದಿನೈದು ಪಟ್ಟಿಗಳು ಬೆಳ್ಳಗೆ, ಒಂದು ಮಾತ್ರ ಸಂಕ್ರಾಂತಿಯ ರಂಗೋಲಿ. ಕಾಪುವಿನ ಹುಡುಗಿ ಗೆರೆಯನ್ನು ಕಪ್ಪು ಬಾಲ್‌ಪೆನ್ನಿನಲ್ಲಿ ಎಳೆದಿದ್ದಳು. ಪೆನ್ಸಿಲಿನ ಗೆರೆ ದ್ರಾವಕದಲ್ಲಿ ಕರಗುವುದಿಲ್ಲ, ಅದಕ್ಕೇ ಪೆನ್ಸಿಲ್. ಇಂಕು ಕರಗಿ, ಹನಿಯ ಜೊತೆ ತಾನೂ ಹತ್ತಿ, ನೀಲಿ, ನೇರಳೆ, ಗುಲಾಬಿಯಾಗಿ ಒಡೆದು ಪಟ್ಟಿಯ ತುಂಬ ಹರಡಿತ್ತು. ಅಮೈನೋ ಆಮ್ಲ ಎಲ್ಲಿ ನಿಂತಿದೆ ಎಂದು ಹುಡುಕಲು ಉಪಾಯವೇ ಇರಲಿಲ್ಲ.

"ಪೆನ್ಸಿಲ್ ಅಂತ ಮೂರು ಸಲ ಹೇಳಿದ್ದೇನೆ. ಕಿವಿ ಎಲ್ಲಿ ಇಟ್ಟು ಬಂದದ್ದು? ಪಡುಬಿದ್ರಿಯ ಬಸ್ಸಿನಲ್ಲಾ?" ಎಂದೆ.

ಅವಳು ಎದ್ದು ನಿಂತಳು. "ಪೆನ್ಸಿಲಿನಲ್ಲಿ ಬರೆಯಬಾರದು ಅಂತ ನರ್ಸಿಂಗ್ ಫೌಂಡೇಶನ್ ಕಲಿಸುವ ಮೇಡಂ ಹೇಳಿದ್ದಾರೆ ಮೇಡಂ. ಪೇಶೆಂಟಿನ ಚಾರ್ಟಿನಲ್ಲಿ ಪೆನ್ಸಿಲ್ ಕಂಡರೆ ಹರಿದು ಬಿಸಾಡ್ತೇನೆ ಅಂದಿದ್ದಾರೆ. ಅಳಿಸಲಿಕ್ಕೆ ಆಗುವಂಥದ್ದು ದಾಖಲೆ ಅಲ್ಲ ಅಂತೆ. ನನ್ನ ಬ್ಯಾಗಿನಲ್ಲಿ ಪೆನ್ಸಿಲೇ ಇಲ್ಲ."

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ನರ್ಸ್ ಆಗಲಿಕ್ಕೆ ಹೊರಟವಳು ಮಾತ್ರ ಮಾಡಬಹುದಾದ ತಪ್ಪು ಅದು. ಇನ್ನೊಂದು ಪಟ್ಟಿ ಕೊಟ್ಟು, ನನ್ನ ಪೆನ್ಸಿಲ್ ಕೊಟ್ಟು ಮತ್ತೆ ಮಾಡಿಸಿದೆ. ಹಾಳಾದ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ. ಬಣ್ಣಗಳು ಅಷ್ಟು ಚಂದ ಬಿಡಿಸಿಕೊಂಡಿದ್ದವು. ಹಾಜರಿ ಪುಸ್ತಕದೊಳಗೆ ಗುರುತಿಗೆಂದು ಇಟ್ಟುಕೊಂಡೆ.

ಅದೇ ತಿಂಗಳು ಮಣಿಪಾಲದ ಆ ಪ್ರಯೋಗಾಲಯದಲ್ಲಿ ಕೆಲಸ ಖಾಲಿ ಇದೆಯೆಂದು ತಿಳಿಯಿತು. ರಜೆ ಹಾಕಿ ಹೋದೆ. ಯಂತ್ರದ ಮುಂದೆ ಕೂರಿಸಿ ಪ್ರಶ್ನೆ ಕೇಳಿದರು. ಆರು ವರ್ಷ ಮುಟ್ಟದಿದ್ದರೂ ಕೈ ಮರೆತಿರಲಿಲ್ಲ. ಮುಂದಿನ ತಿಂಗಳ ಮೊದಲ ದಿನ ಮೂಲ ಅಂಕಪಟ್ಟಿ ಮತ್ತು ಬಿಡುಗಡೆ ಪತ್ರ ತಂದು ಸೇರಿ, ತಪ್ಪಿದರೆ ಮುಂದಿನವರನ್ನು ಕರೆಯುತ್ತೇವೆ ಎಂದರು. ಆ ದಿನ ಬಸ್ಸಿಗೆ ಕಾಯಲಿಲ್ಲ. ಮಣಿಪಾಲದಿಂದ ಇಂದ್ರಾಳಿಯವರೆಗೆ ಇಳಿಜಾರಿನಲ್ಲಿ ನಡೆದುಕೊಂಡೇ ಬಂದೆ. ಅಷ್ಟು ಸಂತೋಷವಾಗಿತ್ತು.

ಮರುದಿನ ಪ್ರಿನ್ಸಿಪಾಲ್ ಮೇಡಂ ಅವರ ಬಳಿ ಹೋದೆ. ಅವರು ಬೇಡವೆನ್ನಲಿಲ್ಲ. "ಒಳ್ಳೇದಾಯ್ತು, ನಿಮ್ಮ ವಿದ್ಯೆಗೆ ಸರಿಯಾದ ಕೆಲಸ. ಈ ಬ್ಯಾಚಿನ ಹಾಜರಿ, ಇಂಟರ್ನಲ್ಸ್ ಎಲ್ಲ ಕಳಿಸಿ ಆಗಲಿ, ಕೊಡುವ" ಎಂದರು. ಅಂದಿನಿಂದ ನನಗೆ ಕ್ಯಾಲೆಂಡರ್ ನೋಡುವುದೇ ಕೆಲಸವಾಯಿತು. ಒಂದನೇ ತಾರೀಕಿಗೆ ನಾಲ್ಕು ದಿನ ಇರುವಾಗ ಕರೆ ಬಂತು, ಹಾಜರಿ ಪುಸ್ತಕ ತೆಗೆದುಕೊಂಡು ಬನ್ನಿ ಎಂದು.

ಮೇಜಿನ ಮೇಲೆ ಕಂದು ಬಣ್ಣದ ಒಂದು ಲಕೋಟೆ ಇತ್ತು. ಮೇಲೆ ನನ್ನ ಹೆಸರು, ನನ್ನದೇ ಕೈಬರಹ, ಆರು ವರ್ಷ ಹಿಂದಿನದು. ಪಕ್ಕದಲ್ಲಿ ಎರಡು ಲೋಟ ಚಹಾ.

"ಎರಡೂ ಕೆಲಸ ಇವತ್ತೇ ಮುಗಿಸುವ" ಎಂದು ಮೇಡಂ ಪುಸ್ತಕ ಬಿಡಿಸಿದರು. ಬಣ್ಣದ ಪಟ್ಟಿ ಕೆಳಗೆ ಬಿತ್ತು. "ಇದೆಂತದು?"

"ಪ್ರಾಕ್ಟಿಕಲಿನದ್ದು."

ಅವರು ಅದನ್ನು ಎತ್ತಿ, ಸಾಲು ತಪ್ಪದಿರಲಿ ಎಂದು, ಒಂದು ಹೆಸರಿನ ಕೆಳಗೆ ಅಡ್ಡ ಇಟ್ಟರು. ಅದು ಕಾಪುವಿನ ಹುಡುಗಿಯ ಸಾಲು. ಅವಳದೇ ಪಟ್ಟಿ ಎಂದು ಅವರಿಗೆ ಹೇಗೆ ಗೊತ್ತಿರಬೇಕು? ಪುಟದಿಂದ ಪುಟಕ್ಕೆ ಪಟ್ಟಿಯನ್ನು ಸರಿಸುತ್ತ ಹೋದರು. ಆ ಸಾಲಿನ ಉದ್ದಕ್ಕೂ ಪೆನ್ಸಿಲಿನ ಚುಕ್ಕೆಗಳು, ಇರುವೆ ಸಾಲು ಹೋದ ಹಾಗೆ. ಒಂದರ ಮೇಲೂ ನಾನು 'ಪಿ' ಬರೆದಿರಲಿಲ್ಲ.

"ಈ ಚುಕ್ಕೆ ಎಂತ? ಹಾಜರೋ, ಗೈರೋ?"

"ತಡವಾಗಿ ಬಂದದ್ದು."

"ಅಂದರೆ ಹಾಜರಿ ಕರೆಯುವಾಗ ಇರಲಿಲ್ಲ."

ಮೇಡಂ ದನಿ ತಗ್ಗಿಸಿ ಹೇಳಿದರು. ಈ ಹುಡುಗಿ ಪರೀಕ್ಷೆಗೆ ಕೂತರೆ ಪಾಸಾಗುವುದು ಸಂಶಯ. ಒಬ್ಬಳು ಫೇಲಾದರೂ ಫಲಕದಲ್ಲಿ ನೂರು ಬರೆಯಲಿಕ್ಕಿಲ್ಲ. ನೂರು ಇಲ್ಲದಿದ್ದರೆ ಆಡಳಿತದವರು ಮೊದಲು ಕೇಳುವುದು ಮೇಡಂ ಅವರನ್ನು. ಹಾಜರಿ ಸಾಲದು ಎಂದಾದರೆ ಹಾಲ್‌ಟಿಕೆಟ್ ಬರುವುದಿಲ್ಲ, ಪರೀಕ್ಷೆ ಬರೆಯದವಳು ಲೆಕ್ಕಕ್ಕೂ ಬರುವುದಿಲ್ಲ. ಒಂದು ವಿಷಯದಲ್ಲಿ ಸಾಲದಿದ್ದರೂ ಸಾಕು. ಮುಂದಿನ ವರ್ಷ ಸಣ್ಣವರ ಜೊತೆ ಕೂತು ಚೆನ್ನಾಗಿ ಕಲಿಯಲಿ, ಅವಳಿಗೂ ಒಳ್ಳೇದೇ ಅಲ್ವಾ?

ನಾನು ಆಗ ಒಂದು ವಾಕ್ಯ ಹೇಳಬೇಕಿತ್ತು. ಚುಕ್ಕೆ ಎಂದರೆ ಹಾಜರು, ಬರೆಯದೆ ಬಿಟ್ಟದ್ದು ನನ್ನ ಸೋಮಾರಿತನ. ಅಷ್ಟೇ. ಆ ವಾಕ್ಯ ನನ್ನ ಬಾಯಿಯವರೆಗೆ ಬಂದಿತ್ತು. ಕಣ್ಣು ಲಕೋಟೆಯ ಮೇಲಿತ್ತು. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಹಾಗೆ ಎಂದು ಹೇಳಿಕೊಳ್ಳಬಹುದು, ಆದರೆ ಅಡಕೆಗೆ ಬಾಯಿ ಇಲ್ಲ, ನನಗಿತ್ತು.

ಮೇಡಂ ತಮ್ಮ ಕಪ್ಪು ಪೆನ್ನು ಕೊಟ್ಟರು. ಚುಕ್ಕೆಗಳ ಮೇಲೆ ಒಂದೊಂದಾಗಿ 'ಎ' ಬರೆದೆ. ಪ್ರತಿಯೊಂದರಲ್ಲೂ ಅವಳು ಬಾಗಿಲಲ್ಲಿ ನಿಂತ ಒಂದೊಂದು ಬೆಳಗು ಇತ್ತು, ಅದೂ ನನಗೆ ನೆನಪಾಗುತ್ತಿತ್ತು. ಮಳೆಗೆ ಒದ್ದೆಯಾದ ಏಪ್ರನ್, ಒಂದು ದಿನ ಪಡುಬಿದ್ರಿಯಲ್ಲಿ ಬಸ್ಸು ಕೆಟ್ಟು ಲಾರಿಯಲ್ಲಿ ಬಂದದ್ದು. ನಿಲ್ಲಿಸದೆ ಬರೆದೆ. ಕೊನೆಗೆ ಸಹಿ. ಚಹಾ ತಣ್ಣಗಾಗಿತ್ತು, ಆದರೂ ಕುಡಿದೆ. ಒಟ್ಟಿಗೆ ಹೊರಟು ಎಲ್ಲಿ ನಿಲ್ಲುತ್ತವೋ ನೋಡುವ ಎಂದು ವರ್ಷವಿಡೀ ಪಾಠ ಮಾಡಿದವಳು, ಹೊರಡುವ ಮೊದಲೇ ಒಂದು ಹನಿಯನ್ನು ಕತ್ತರಿಸಿ ತೆಗೆದಿದ್ದೆ. ಪಟ್ಟಿ ಪುಸ್ತಕದೊಳಗೇ ಉಳಿಯಿತು, ಲಕೋಟೆ ನನ್ನ ಬ್ಯಾಗಿಗೆ ಬಂತು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರೂ ಮೇಷ್ಟ್ರು. "ನೀನು ಬರೆಯದಿದ್ದರೆ ಇನ್ನೊಬ್ಬರ ಕೈಯಲ್ಲಿ ಬರೆಸ್ತಿದ್ದರು, ನಿನ್ನ ಸರ್ಟಿಫಿಕೇಟೂ ಅಲ್ಲೇ ಕೊಳೀತಿತ್ತು" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ನನಗೆ ಅವರ ಮೇಲೆಯೇ ಸಿಟ್ಟು ಬಂತು, ಅನ್ನಕ್ಕೆ ಸಾರು ಹೆಚ್ಚು ಸುರಿದೆ.

ನನ್ನ ಕೊನೆಯ ದಿನ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ನೋಟೀಸ್ ಬೋರ್ಡಿನ ಪಟ್ಟಿಯಿಂದ ಬರೆದುಕೊಂಡ ಚೀಟಿ.

"ಮೇಡಂ, ಬಯೋಕೆಮಿಸ್ಟ್ರಿಯಲ್ಲಿ ಹಾಜರಿ ಸಾಲದು ಅಂತ ಬಂದಿದೆ. ನಾನು ಇದ್ದೆ ಅಲ್ವಾ?"

ಅವಳು ಜಗಳಕ್ಕೆ ಬಂದವಳ ಹಾಗೆ ಕೇಳಲಿಲ್ಲ. ಜ್ವರ ಎಷ್ಟಿದೆ ಎಂದು ಕೇಳುವ ಹಾಗೆ ಕೇಳಿದಳು. ನಾನು ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದೆ.

"ನಿಯಮ ಹಾಗೆ ಉಂಟು" ಎಂದೆ.

ಅವಳು ಚೀಟಿಯನ್ನು ಮಡಚಿದಳು. ಆಮೇಲೆ "ನಿಮಗೆ ಮಣಿಪಾಲದಲ್ಲಿ ಕೆಲಸ ಆಯ್ತಂತೆ, ಖುಷಿ ಆಯ್ತು ಮೇಡಂ" ಎಂದು ಹೇಳಿ ಹೋದಳು.

ಮಣಿಪಾಲದಲ್ಲಿ ಮೊದಲ ದಿನ ಕೆಲಸ ಇರಲಿಲ್ಲ, ತರಬೇತಿ. ನನಗಿಂತ ಹತ್ತು ವರ್ಷ ಸಣ್ಣ ಹುಡುಗಿಯೊಬ್ಬಳು ನಿಯಮ ಓದಿ ಹೇಳಿದಳು. ಪ್ರಯೋಗಾಲಯದೊಳಗೆ ಪೆನ್ಸಿಲ್ ತರಬಾರದು. ರಬ್ಬರ್ ತರಬಾರದು. ಏನು ಕಂಡಿತೋ ಅದನ್ನು ಕಂಡಾಗಲೇ ಇಂಕಿನಲ್ಲಿ ಬರೆಯಬೇಕು, ಆಮೇಲೆ ಬರೆಯುತ್ತೇನೆ ಎಂದು ಬಿಡಬಾರದು. ತಪ್ಪಾದರೆ ಮೊದಲಿನದು ಕಾಣುವ ಹಾಗೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಿ, ಸಮಯ ಹಾಕಬೇಕು. ಬರೆದದ್ದರ ಮೇಲೆ ಬರೆದವರನ್ನು ಕೆಲಸದಿಂದ ತೆಗೆಯುತ್ತಾರೆ. "ಮೇಡಂ, ನಿಮ್ಮ ಬ್ಯಾಗಿನಲ್ಲಿ ಪೆನ್ಸಿಲ್ ಉಂಟಾ?" ಎಂದು ಕೇಳಿದಳು. ಇತ್ತು. ಕೊಟ್ಟೆ.

ಆರು ವರ್ಷ ಕಿಟಕಿಯಿಂದ ನೋಡಿದ ಕಟ್ಟಡದೊಳಗೆ ಕಿಟಕಿಗಳು ತೆರೆಯುವುದಿಲ್ಲ. ಎಸಿ ಇರುವುದರಿಂದ ತೆರೆಯಬಾರದು. ಯಂತ್ರ ತನ್ನಷ್ಟಕ್ಕೆ ಗೆರೆ ಎಳೆಯುತ್ತದೆ, ಪ್ರತಿ ವಸ್ತು ತನ್ನ ನಿಮಿಷಕ್ಕೆ ಸರಿಯಾಗಿ ಮೇಲೆದ್ದು ಇಳಿಯುತ್ತದೆ. ನಾನು ಬೇಡಿಕೊಂಡ ಕೆಲಸವೇ ಅದು. ಆದರೆ ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಸಹಿ ಹಾಕುವಾಗ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದೆ. ಯಾರಾದರೂ ನನ್ನ ಹಳೆಯ ಹಾಜರಿ ಪುಸ್ತಕ ತಂದು ಇವರ ಮುಂದೆ ಬಿಡಿಸಿದರೆ ಎನ್ನುವ ಹೆದರಿಕೆ. ಕಪಾಟಿನಿಂದ ಹೊರಗೆ ಬಂದದ್ದು ಅಂಕಪಟ್ಟಿ ಮಾತ್ರ, ನಾನಲ್ಲ.

ಮಳೆಗಾಲ ಶುರುವಾಗುವಾಗ ಸಂಬಂಧಿಕರ ಮನೆಗೆಂದು ಕಾರ್ಕಳಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್. ನರ್ಸಿಂಗ್ ಫಲಿತಾಂಶ ನೂರಕ್ಕೆ ನೂರು. ಕೆಳಗೆ ಸಾಲಾಗಿ ನನ್ನ ಮಕ್ಕಳ ನಗುಮುಖ. ಎಣಿಸಬಾರದು ಎಂದುಕೊಂಡೇ ಎಣಿಸಿದೆ. ಹದಿನಾರು ಇರಬೇಕಿತ್ತು, ಹದಿನೈದು ಇತ್ತು.

ಮುಂದಿನ ಭಾನುವಾರ ಕಾಪುವಿಗೆ ಹೋದೆ. ಲೈಟ್‌ಹೌಸ್ ನೋಡಲು ಹೋಗುವ ಕಾರುಗಳ ಸಾಲು ತಪ್ಪಿಸಿಕೊಂಡು, ಎರಡು ಕಡೆ ಕೇಳಿ, ಮನೆ ಹುಡುಕಿದೆ. ಜಗಲಿಯಲ್ಲಿ ಅವಳ ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. "ಬಲೆ ಟೀಚರೆ, ಕುಲ್ಲುಲೆ" ಎಂದು ತುಳುವಿನಲ್ಲಿ ಕರೆದು, ಕೂರಲಿಕ್ಕೆ ಹೇಳಿ, ಮೊರ ಬದಿಗಿಟ್ಟು ಕುರ್ಚಿ ಒರೆಸಿದರು. ಅವರಿಗೆ ಏನೂ ತಿಳಿದಿರಲಿಲ್ಲ. ಮಗಳ ಮೇಡಂ ಮನೆತನಕ ಬಂದದ್ದೇ ಅವರಿಗೆ ದೊಡ್ಡದು. ಕುಡಿಯಲಿಕ್ಕೆ ಮಾಡಲು ಒಳಗೆ ಹೋದರು.

ಹುಡುಗಿ ಬಂದು ಎದುರಿಗೆ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಿದ್ದುಹೋದವು.

"ಆ ಚುಕ್ಕೆಗಳ ಮೇಲೆ 'ಎ' ಬರೆದದ್ದು ನಾನು" ಎಂದೆ.

"ಗೊತ್ತುಂಟು ಮೇಡಂ. ಆಫೀಸಿನಲ್ಲಿ ಪುಸ್ತಕ ತೋರಿಸಿದ್ದರು. ನೀವು ದಿನಾ ಬರೆಯುವುದು ನೀಲಿಯಲ್ಲಿ. ನನ್ನದು ಮಾತ್ರ ಎಲ್ಲ ಕಪ್ಪು. ಅಡಿಯಲ್ಲಿ ಪೆನ್ಸಿಲ್ ಕಾಣ್ತಿತ್ತು."

"ಮತ್ತೆ ನೀನು ಯಾಕೆ ನನ್ನ ಹತ್ತಿರ ಕೇಳಲಿಲ್ಲ?"

"ಕೇಳಿದ್ದೆ ಅಲ್ವಾ? ಪುಸ್ತಕ ನೋಡಿದ ಮೇಲೆಯೇ ನಿಮ್ಮ ಹತ್ತಿರ ಬಂದದ್ದು."

ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಬರೆದು ಕೊಡುತ್ತೇನೆ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ ಎಂದೆ. ಅವಳು ಯೋಚಿಸಿದಳು.

"ಹಾಗೆ ಬರೆದರೆ ನಿಮ್ಮ ಈಗಿನ ಕೆಲಸ ಹೋಗುವುದಿಲ್ವಾ?"

ನಾನು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡೆ.

"ಬೇಡ ಮೇಡಂ. ಪರೀಕ್ಷೆ ಮುಗಿದು ಹೋಯ್ತು. ನನ್ನ ಮಾರ್ಕ್ಸ್‌ಕಾರ್ಡೆಲ್ಲ ಆ ಕಪಾಟಿನಲ್ಲೇ ಉಂಟು. ಗಲಾಟೆ ಮಾಡಿ ನಾನು ಎಲ್ಲಿಗೆ ಹೋಗುವುದು? ಜೂನಿಯರ್ಸ್ ಜೊತೆ ಕೂರ್ತೇನೆ. ಮೊದಲ ಪೀರಿಯಡ್ ಈಗಲೂ ಬಯೋಕೆಮಿಸ್ಟ್ರಿಯೇ. ಹೊಸ ಮೇಡಂ ಒಂಬತ್ತಕ್ಕೆ ಬಾಗಿಲು ಹಾಕ್ತಾರೆ."

ಅವಳು ಬೇಡ ಎಂದಾಗ ನನ್ನ ಎದೆ ಹಗುರಾಯಿತು. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದು ಬರೆದು ಪ್ರಯೋಜನವಿಲ್ಲ. ಅಷ್ಟು ದೂರ ಹೋದದ್ದು ಸರಿಮಾಡಲಿಕ್ಕಲ್ಲ, ಬೇಡ ಎನ್ನಿಸಿಕೊಳ್ಳಲಿಕ್ಕೆ ಎಂದು ಆ ಕುರ್ಚಿಯಲ್ಲಿ ಕೂತೇ ನನಗೆ ತಿಳಿಯಿತು.

ಒಳಗಿನಿಂದ ಅಜ್ಜಿ ನರಳಿದರು. ಹುಡುಗಿ ಗೋಡೆಯ ಗಡಿಯಾರ ನೋಡಿ, ಮಗ್ಗುಲು ಬದಲಿಸುವ ಹೊತ್ತಾಯಿತು ಎಂದಳು. ಅಡುಗೆಮನೆಯಿಂದ ಬರುತ್ತಿದ್ದ ಅಮ್ಮನಿಗೆ ತುಳುವಿನಲ್ಲಿ, ನೀನು ಬಗ್ಗಬೇಡ, ಮೇಡಂ ಇದ್ದಾರೆ ಎಂದಳು. ನನ್ನನ್ನು ಕೇಳಲೇ ಇಲ್ಲ. ಎದ್ದು ಅವಳ ಹಿಂದೆ ಹೋದೆ.

ಕಿಟಕಿಯ ಬಳಿ ಮಂಚ. ಹಾಸಿಗೆಯಲ್ಲಿ ಒಂದು ಸುಕ್ಕಿಲ್ಲ. "ಕೈ ತೊಳೆದು ಬನ್ನಿ" ಎಂದಳು, ತೊಳೆದು ಬಂದೆ. "ಸೊಂಟದ ಹತ್ತಿರ ಅಡಿಯ ಬಟ್ಟೆ ಹಿಡಿಯಿರಿ. ಅಜ್ಜಿಯನ್ನು ಎಳೆಯಬೇಡಿ, ಚರ್ಮ ಹರಿಯುತ್ತದೆ. ನಾನು ಮೂರು ಅಂದ ಮೇಲೆ." ಒಂದು, ಎರಡು, ಮೂರು. ಅಜ್ಜಿ ಎಡ ಮಗ್ಗುಲಿಗೆ ತಿರುಗಿದರು. ಅಷ್ಟು ತಿಂಗಳು ಮಲಗಿದವರ ಬೆನ್ನಿನಲ್ಲಿ ಒಂದು ಹುಣ್ಣಿರಲಿಲ್ಲ. ಅವಳು ಬೆನ್ನ ಹಿಂದೆ ದಿಂಬು ಒತ್ತಿ, ಕಾಲುಗಳ ನಡುವೆ ಒಂದು ಬಟ್ಟೆ ಮಡಚಿ ಇಟ್ಟಳು.

ಮಂಚದ ಕಾಲಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿತ್ತು, ಜೊತೆಗೆ ಕಪ್ಪು ಬಾಲ್‌ಪೆನ್ನು. ಪುಟದ ತುಂಬ ದಿನಾಂಕ, ಗಂಟೆ, ಎಡ, ಬಲ, ಕೊಟ್ಟ ಗಂಜಿ, ಕೊಟ್ಟ ಮಾತ್ರೆ. ತಪ್ಪಿದಲ್ಲಿ ಒಂದೇ ಗೆರೆ, ಪಕ್ಕದಲ್ಲಿ ಅವಳ ಸಹಿ. ಪ್ರತಿ ಸಾಲಿನ ಕೊನೆಗೆ ಎರಡು ಸಹಿಗಳು, ಒಂದು ಅವಳದು, ಒಂದು ಅಮ್ಮನದು. ನಾನು ಹಾಜರಿ ಕರೆಯುತ್ತಿದ್ದ ಬೆಳಗುಗಳೂ ಅದರಲ್ಲಿ ಇದ್ದವು.

ಅವಳು ಆ ದಿನದ ಸಾಲು ಬರೆದು, ಸಹಿ ಹಾಕಿ, ಪುಸ್ತಕವನ್ನು ನನ್ನ ಕಡೆಗೆ ಹಿಡಿದಳು.

"ಇಬ್ಬರು ತಿರುಗಿಸಿದರೆ ಇಬ್ಬರೂ ಹಾಕಬೇಕು. ನೀವು ಇದ್ದಿರಿ ಅಲ್ವಾ ಮೇಡಂ?"

ನನ್ನ ಹೆಸರಿನ ಮೊದಲ ಅಕ್ಷರವೇ ತಪ್ಪಿತು. ತಿದ್ದಲು ಅದರ ಮೇಲೆಯೇ ಬರೆಯಹೊರಟೆ. ಅವಳು ಮೆಲ್ಲನೆ ನನ್ನ ಕೈ ತಡೆದು, ಮೇಲೆ ಬರೆಯಬೇಡಿ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಹಾಕಿ ಎಂದಳು.